ಸಾಹಸದ ಪುಸ್ತಕ ಕೊಳ್ಳುವ ಮುನ್ನ ಅದರ ಗಂಟು ಹುಡುಕಿ

ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಗುಂಪುಗಳು ಬೆಳಗಾವಿಯ ಹಾಸ್ಟೆಲ್ ಕೋಣೆಗಳಲ್ಲಿ, ಟಿಳಕವಾಡಿಯ ಮನೆಗಳ ಮಹಡಿಯಲ್ಲಿ ಭಾನುವಾರ ಸೇರುತ್ತವೆ. ನಾನು ನೋಡಿದ ಗುಂಪುಗಳಲ್ಲಿ ಹೆಚ್ಚಿನವು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟವಿದು. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ವಾರವಾರವೂ ಕಥೆ ಹೆಣೆಯಲು ಪುರುಸೊತ್ತು ಸಿಗುವುದಿಲ್ಲ. ಆಗ ಕಥೆ, ಕೋಣೆ, ನಕ್ಷೆಗಳನ್ನೆಲ್ಲ ಮೊದಲೇ ಬರೆದಿಟ್ಟ ಸಿದ್ಧ ಸಾಹಸದ ಪುಸ್ತಕವೊಂದನ್ನು ತರಿಸುತ್ತಾರೆ. ಮುಖಪುಟದ ಬೆಂಕಿಯುಗುಳುವ ಡ್ರ್ಯಾಗನ್ ನೋಡಿ ಸಾವಿರಗಟ್ಟಲೆ ರೂಪಾಯಿ ಕೊಡುತ್ತಾರೆ, ಕಾದಂಬರಿಯಂತೆ ಮೊದಲ ಪುಟದಿಂದ ಓದಿ ಮೆಚ್ಚುತ್ತಾರೆ. ಆದರೆ ಮೇಜಿನ ಮೇಲೆ ಅದೇ ಸಾಹಸ ಮೊದಲ ತಾಸಿನಲ್ಲಿಯೇ ಕುಸಿಯುತ್ತದೆ. ಓದಲು ಚೆನ್ನಾಗಿರುವುದು ಒಂದು ಗುಣ, ಆಡಿಸಲು ಬರುವುದು ಬೇರೆಯೇ ಗುಣ. ಕೊಳ್ಳುವಾಗ ಎರಡನೆಯದನ್ನು ಪರೀಕ್ಷಿಸಬೇಕು.

ಹಂತ 1: ಹಿಂಬದಿಯ ರಕ್ಷಾಪುಟ

ಯಾವ ಆವೃತ್ತಿಯ ನಿಯಮ, ಎಷ್ಟನೇ ಮಟ್ಟದ (ಲೆವೆಲ್) ಪಾತ್ರಗಳು, ಎಷ್ಟು ಜನ ಆಟಗಾರರು ಎಂಬುದನ್ನು ನೋಡಿಕೊಳ್ಳಿ. ಇವು ಬರೆದಿಲ್ಲದಿದ್ದರೆ ಪುಸ್ತಕ ಕೆಳಗಿಡಿ.

ಹಂತ 2: ಪೀಠಿಕೆಯನ್ನು ದಾಟಿ

ರಾಜವಂಶದ ಸಾವಿರ ವರ್ಷಗಳ ಇತಿಹಾಸ ಬಹಳ ಪುಸ್ತಕಗಳಲ್ಲಿ ಹತ್ತಾರು ಪುಟ ನುಂಗುತ್ತದೆ. ಆ ಇತಿಹಾಸದ ಯಾವುದಾದರೊಂದು ಸಂಗತಿಯನ್ನು ಆರಿಸಿ, ಆಟಗಾರರಿಗೆ ಅದು ಎಲ್ಲಿ, ಯಾರ ಬಾಯಿಂದ, ಯಾವ ಶಾಸನದಿಂದ ತಿಳಿಯುತ್ತದೆ ಎಂದು ಹುಡುಕಿ. ಉತ್ತರ ಸಿಗದಿದ್ದರೆ ಅಷ್ಟೂ ಪುಟಗಳಿಗೆ ನೀವು ಸುಮ್ಮನೆ ಹಣ ಕೊಡುತ್ತಿದ್ದೀರಿ.

ಹಂತ 3: ನಡುವಿನ ಒಂದು ಕೋಣೆ

ಪುಸ್ತಕದ ಮಧ್ಯಕ್ಕೆ ಹೋಗಿ ಯಾವುದಾದರೂ ಕೋಣೆಯ ವಿವರಣೆ ತೆಗೆಯಿರಿ. ಅಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕಾಗಿದೆ, ಬಾಗಿಲಲ್ಲಿ ಸದ್ದಾದರೆ ಏನು ಮಾಡುತ್ತಾರೆ? ಈ ಮೂರು ಅರ್ಧ ನಿಮಿಷದಲ್ಲಿ ಕಣ್ಣಿಗೆ ಬೀಳಬೇಕು. ಆಟಗಾರರು ಎದುರಿಗೆ ಕಾಯುತ್ತ ಕುಳಿತಿರುವಾಗ ನಿಮಗೆ ಅದಕ್ಕಿಂತ ಹೆಚ್ಚು ಸಮಯ ಸಿಗುವುದಿಲ್ಲ. ಆಟಗಾರರಿಗೆ ಗಟ್ಟಿಯಾಗಿ ಓದಿ ಹೇಳಬೇಕಾದ ಚೌಕಟ್ಟಿನ ಬರಹ ನಾಲ್ಕು ಸಾಲು ಮೀರಕೂಡದು. ‘ನೀವು ಭಯದಿಂದ ನಡುಗುತ್ತ ಒಳಗೆ ಕಾಲಿಡುತ್ತೀರಿ’ ಎಂಬಂತಹ ವಾಕ್ಯವನ್ನು ನಾನು ಒಪ್ಪುವುದೇ ಇಲ್ಲ. ನಡುಗಬೇಕೋ, ಒಳಗೆ ಹೋಗಬೇಕೋ ಎಂಬುದನ್ನು ಆಟಗಾರರೇ ತೀರ್ಮಾನಿಸಬೇಕು.

ಹಂತ 4: ಗಂಟು

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಮಾಡಿ. ಕಥೆ ಮುಂದುವರಿಯಬೇಕಾದರೆ ಆಟಗಾರರು ಇದೊಂದನ್ನೇ ಮಾಡಬೇಕು ಎನ್ನುವ ಜಾಗವನ್ನು ನಾನು ಗಂಟು ಎನ್ನುತ್ತೇನೆ. ಒಂದು ಹಾಳೆಯಲ್ಲಿ ದೃಶ್ಯಗಳನ್ನು ಬರೆದುಕೊಳ್ಳಿ. ಪ್ರತಿ ದೃಶ್ಯದಿಂದ ಮುಂದಿನದಕ್ಕೆ ಹೋಗಲು ಪುಸ್ತಕ ಎಷ್ಟು ದಾರಿ ಕೊಟ್ಟಿದೆ ಎಂದು ಗೆರೆ ಎಳೆಯಿರಿ. ಒಂದೇ ಗೆರೆ ಇದ್ದಲ್ಲಿ ಕೆಂಪು ಸುತ್ತು ಹಾಕಿ.

ಉದಾಹರಣೆಗೆ, ಊರಿನ ಗೌಡನ ಕೊಲೆಯಾಗಿದೆ, ಕೊಲೆಗಾರನ ಅಡಗುತಾಣದ ಸುಳಿವು ಬೀಗ ಹಾಕಿದ ಪೆಟ್ಟಿಗೆಯೊಳಗಿನ ಪತ್ರದಲ್ಲಿದೆ ಎಂದುಕೊಳ್ಳಿ. ಬೀಗ ತೆಗೆಯಲು ಒಟ್ಟು 15 ಬರಬೇಕು, ಗುಂಪಿನಲ್ಲಿ ಬೀಗ ತೆಗೆಯಬಲ್ಲ ಒಬ್ಬಳಿಗೆ ದಾಳದ ಸಂಖ್ಯೆಯ ಜೊತೆ ಕೌಶಲದ 3 ಅಂಕ ಸೇರುತ್ತದೆ. ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅಂತಹ ಮುಖಗಳು ಒಂಬತ್ತು ಮಾತ್ರ. ನೂರಕ್ಕೆ 55 ಸಲ ಪೆಟ್ಟಿಗೆ ತೆರೆಯುವುದಿಲ್ಲ, ಕಥೆ ಅಲ್ಲಿಯೇ ನಿಲ್ಲುತ್ತದೆ. ಅದೇ 3 ಅಂಕವಿರುವ ನಾಲ್ವರೂ ಒಮ್ಮೊಮ್ಮೆ ಯತ್ನಿಸಬಹುದಾದ ಕೆಲಸವಾಗಿದ್ದರೆ ಎಲ್ಲರೂ ಸೋಲುವ ಸಂಭವ ನೂರಕ್ಕೆ ಸುಮಾರು 9. ಸಾಹಸ ಬರೆದವರು ಈ ಲೆಕ್ಕ ಹಾಕಿದ್ದಾರೆಯೇ ಎಂಬುದು ಕೆಂಪು ಸುತ್ತಿನಲ್ಲಿ ಬಯಲಾಗುತ್ತದೆ.

ಪ್ರತಿ ಸುತ್ತಿನ ಮುಂದೆಯೂ ಮೂರು ಪ್ರಶ್ನೆ ಬರೆಯಿರಿ: ದಾಳ ಕೈಕೊಟ್ಟರೆ? ಸುಳಿವು ಕೊಡಬೇಕಾದವನನ್ನು ಆಟಗಾರರು ಮೊದಲೇ ಕೊಂದರೆ? ಅವರು ಆ ಮನೆಗೆ ಹೋಗಲೇ ಒಪ್ಪದಿದ್ದರೆ? ಒಳ್ಳೆಯ ಸಾಹಸದಲ್ಲಿ ಒಂದೇ ತೀರ್ಮಾನಕ್ಕೆ ಒಯ್ಯುವ ಸುಳಿವುಗಳು ಕನಿಷ್ಠ ಮೂರು ಕಡೆ ಇರುತ್ತವೆ. ಪೆಟ್ಟಿಗೆಯ ಪತ್ರದ ಜೊತೆಗೆ ಕಮ್ಮಾರನಿಗೆ ಬೀಗದ ಕೈ ಮಾಡಿಸಿಕೊಂಡವನ ಗುರುತಿರುತ್ತದೆ, ಹಿತ್ತಲಿನಲ್ಲಿ ಕೆಮ್ಮಣ್ಣಿನ ಹೆಜ್ಜೆಗಳಿರುತ್ತವೆ. ಪೆಟ್ಟಿಗೆ ಒಡೆದೇ ತೆಗೆದರೂ ಪತ್ರ ಸಿಗುತ್ತದೆ, ಆದರೆ ಸದ್ದಿಗೆ ಕಾವಲುಗಾರರು ಓಡಿಬರುತ್ತಾರೆ. ಸೋತದ್ದಕ್ಕೆ ಬೆಲೆ ತೆರಬೇಕು, ಆಟ ಮಾತ್ರ ನಿಲ್ಲಬಾರದು. ಕೆಟ್ಟ ಸಾಹಸದಲ್ಲಿ ಈ ಜಾಗದಲ್ಲಿ ಸಿಗುವುದು ಒಂದೇ ಸಾಲು: ‘ಆಟಗಾರರು ಹೇಗಾದರೂ ಗುಹೆ ತಲುಪುವಂತೆ ನೋಡಿಕೊಳ್ಳಿ’. ಹಣ ಕೊಟ್ಟದ್ದೇ ಆ ‘ಹೇಗಾದರೂ’ ಎಂಬುದನ್ನು ಬರೆದುಕೊಡಲಿ ಎಂದು. ‘ಖಳನಾಯಕ ಈ ಅಧ್ಯಾಯದಲ್ಲಿ ಸಾಯಕೂಡದು’ ಎಂಬ ಅಪ್ಪಣೆಯೂ ಇದೇ ಜಾತಿಯದು.

ಇನ್ನೊಂದು ಮಾತು. ನಮ್ಮ ಕಡೆಯ ಆಟಗಾರರು ಪೆಟ್ಟಿಗೆ ಮುಟ್ಟುವ ಮೊದಲು ಊರಿನವರನ್ನು ಮಾತನಾಡಿಸಲು ಹೊರಡುತ್ತಾರೆ. ಖಾನಾವಳಿ ನಡೆಸುವವಳ ಹೆಸರೇನು, ಗೌಡನ ಮೇಲೆ ಅವಳಿಗೆ ಏನು ಸಿಟ್ಟು ಎಂದು ಕೇಳುತ್ತಾರೆ. ನಾಲ್ಕೈದು ಊರವರಿಗಾದರೂ ಹೆಸರು, ಆಸೆ, ಗುಟ್ಟು ಇಲ್ಲದ ಸಾಹಸವನ್ನು ಇಲ್ಲಿ ಆಡಿಸಲು ಹೋಗಬೇಡಿ.

ಅಂತರಜಾಲದ ನಕ್ಷತ್ರಗಳನ್ನು ನೋಡಿ ಈ ಹಂತವನ್ನು ತಪ್ಪಿಸಿಕೊಳ್ಳಬಹುದೆಂದು ಕೆಲವರು ಭಾವಿಸುತ್ತಾರೆ. ಪುಸ್ತಕ ಓದಿದ ಖುಷಿಯಲ್ಲಿ ಕೊಟ್ಟ ಐದು ನಕ್ಷತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಆಡಿಸಿ ನೋಡಿ, ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆದವರ ವಿಮರ್ಶೆಯನ್ನು ಮಾತ್ರ ಓದಿ.

ಹಂತ 5: ನಕ್ಷೆ

ಪ್ರವೇಶದಿಂದ ಕೊನೆಯ ಕೋಣೆಯವರೆಗೆ ಬೆರಳಿಟ್ಟು ಸಾಗಿ. ಬೆರಳು ಒಂದೇ ಸಾಲಿನಲ್ಲಿ ಹೋದರೆ ಆಟಗಾರರಿಗೆ ಆಯ್ಕೆಯೇ ಇಲ್ಲ. ಸುತ್ತಿ ಬರುವ ದಾರಿಗಳು, ಎರಡನೆಯ ಮೆಟ್ಟಿಲು, ಹಿಂಬಾಗಿಲು ಇರಬೇಕು. ಜೆನೆಲ್ ಜಾಕ್ವೇಸ್ ಬರೆದ, 1979ರಲ್ಲಿ ಪ್ರಕಟವಾದ ‘ಕ್ಯಾವರ್ನ್ಸ್ ಆಫ್ ಥ್ರೇಸಿಯಾ’ ಎಂಬ ಸಾಹಸದ ನಕ್ಷೆಗೆ ಇಂದಿಗೂ ಹೆಸರಿರುವುದು ಈ ಗುಣದಿಂದ. ವಿಜಯಪುರದ ಉಪ್ಪಲಿ ಬುರುಜಿಗೆ ಹೊರಮೈಯಲ್ಲಿಯೇ ಸುತ್ತಿ ಏರುವ ಮೆಟ್ಟಿಲುಗಳಿವೆ, ಬೆಳಗಾವಿಯ ಕೋಟೆಗೆ ಕಂದಕವಿದೆ, ಬಾದಾಮಿಯ ಕೋಟೆ ಬಂಡೆಗಳ ನೆತ್ತಿಯ ಮೇಲಿದೆ. ಇವುಗಳ ನಡುವೆ ಓಡಾಡಿ ಬೆಳೆದವರು ಹೆಬ್ಬಾಗಿಲಿಗೆ ಹೋಗುವ ಮೊದಲು ಕಂದಕ ಎಷ್ಟು ಆಳ, ಹಿಂದಿನ ಬಂಡೆ ಹತ್ತಬಹುದೇ ಎಂದು ಕೇಳಿಯೇ ಕೇಳುತ್ತಾರೆ. ಪುಸ್ತಕದಲ್ಲಿ ಉತ್ತರವಿರಬೇಕು.

ಹಂತ 6: ಸಾವುನೋವು

ಕಠಿಣ ಎಂದ ಮಾತ್ರಕ್ಕೆ ಕೆಟ್ಟದ್ದೆನ್ನಬೇಡಿ, ಯಾರಿಗಾಗಿ ಬರೆದದ್ದು ಎಂದು ನೋಡಿ. ‘ಟೂಂಬ್ ಆಫ್ ಹಾರರ್ಸ್’ 1975ರಲ್ಲಿ ಸ್ಪರ್ಧೆಗಾಗಿ ಆಡಿಸಿದ ಸಾಹಸ, 1978ರಲ್ಲಿ ಪ್ರಕಟವಾಯಿತು. ಹೆಜ್ಜೆಹೆಜ್ಜೆಗೂ ಕೊಲ್ಲುವ ಅದನ್ನು ಹೊಸ ಗುಂಪಿನ ಮುಂದಿಡುವುದು ಸರಿಯಲ್ಲ. ಸುಳಿವೇ ಕೊಡದೆ ಕೊಲ್ಲುವ ಬಲೆಗಳನ್ನು ಮಾತ್ರ ನಾನು ಎಲ್ಲಿಯೂ ಕ್ಷಮಿಸುವುದಿಲ್ಲ.

ಹಂತ 7: ಮುದ್ರಣ

ಪಿಡಿಎಫ್ ಕೊಳ್ಳುವುದಾದರೆ ಹಳೆಯ ಚರ್ಮದಂತೆ ಕಾಣಲೆಂದು ಪುಟಕ್ಕೆಲ್ಲ ಕಂದು ಬಣ್ಣ ಬಳಿದವುಗಳನ್ನು ಬಿಡಿ. ಜೆರಾಕ್ಸ್ ಅಂಗಡಿಯಲ್ಲಿ ಅವು ಕಪ್ಪು ಹಾಳೆಯಾಗಿ ಹೊರಬರುತ್ತವೆ. ಗುಪ್ತದ್ವಾರಗಳ ಗುರುತಿಲ್ಲದ ನಕ್ಷೆ ಆಟಗಾರರಿಗಾಗಿ ಪ್ರತ್ಯೇಕ ಇರಲೇಬೇಕು. ಬಹಳ ಪ್ರಕಾಶಕರು ಜಾಲತಾಣಗಳಲ್ಲಿ ಮಾದರಿ ಪುಟಗಳನ್ನು ಉಚಿತವಾಗಿ ಕೊಡುತ್ತಾರೆ. ಆ ಪುಟಗಳಲ್ಲಿ ಪೀಠಿಕೆಯೂ ಚಿತ್ರಗಳೂ ಇದ್ದು, ಆಡಿಸಬಹುದಾದ ಒಂದು ಕೋಣೆಯೂ ಇಲ್ಲದಿದ್ದರೆ ನಾನು ಆ ಸಾಹಸವನ್ನು ಕೊಳ್ಳುವುದಿಲ್ಲ.