ಮಷಿನ್‌ಗೆ ಬೇರೆ ರೊಕ್ಕ, ಜೋಳಕ್ಕೆ ಬೇರೆ ರೊಕ್ಕ

ವಿಜಯಪುರದಲ್ಲಿ ನಮ್ಮದು ಖಡಕ್ ರೊಟ್ಟಿ ಮಾಡುವ ಸಣ್ಣ ಘಟಕ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡುತ್ತೇವೆ. ಇದೇ ಕೆಲಸಕ್ಕೆ ಇಳಿಯಬೇಕು ಅನ್ನುವ ಹೆಣ್ಮಕ್ಕಳು ಬಂದರೆ ಮೊದಲು ಕೇಳುವುದು ಒಂದೇ ಮಾತು: "ಅಕ್ಕಾರ, ಸಾಲ ಎಷ್ಟ ಸಿಗತೈತ್ರಿ?" ಯಾವುದಕ್ಕೆ ಅಂತ ನಾನು ತಿರುಗಿ ಕೇಳುತ್ತೇನೆ. ಮಷಿನ್‌ಗಾ, ಜೋಳಕ್ಕಾ, ಇಲ್ಲಾ ಅಂಗಡಿಯವರು ಬಾಕಿ ಉಳಿಸಿಕೊಂಡಿದ್ದಕ್ಕಾ? ಮಷಿನ್‌ಗೆ ಹಾಕಿದ ರೊಕ್ಕ ವಾಪಸ್ ಬರಲು ವರ್ಷಗಳು ಬೇಕು. ಜೋಳಕ್ಕೆ ಹಾಕಿದ್ದು ತಿಂಗಳುಗಳಲ್ಲಿ ಬರುತ್ತದೆ. ಅದಕ್ಕೆ ತಕ್ಕ ಸಾಲವನ್ನೇ ಹುಡುಕಬೇಕು.

ಮಷಿನ್‌ಗೆ ನಾನು ಹಿಡಿದ ದಾರಿ ಪಿಎಂಎಫ್‌ಎಂಇ. 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಘಟಕಗಳಿಗೆ ಅಂತಲೇ ತಂದ ಯೋಜನೆ ಇದು. ನಾನು ಹೋದಾಗ ಕೇಂದ್ರದ್ದು ನೂರಕ್ಕೆ 35, ಅದರ ಮೇಲೆ ನಮ್ಮ ರಾಜ್ಯದ್ದು 15, ಒಟ್ಟು ಅರ್ಧಕ್ಕೆ ಸಬ್ಸಿಡಿ ಇತ್ತು. ಗರಿಷ್ಠ 15 ಲಕ್ಷ. ನಮ್ಮ ಕೈಯಿಂದ ಕನಿಷ್ಠ ನೂರಕ್ಕೆ ಹತ್ತು ಹಾಕಬೇಕು. ಪ್ರಾಜೆಕ್ಟ್ ರಿಪೋರ್ಟ್ ಬರೆಸಲು ಯಾರಿಗೂ ರೊಕ್ಕ ಕೊಡುವುದು ಬೇಡ. ಜಿಲ್ಲೆಗೆ ಅಂತ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರು ಮಾಡಿಕೊಡುತ್ತಾರೆ. ಅವರ ಸಂಭಾವನೆ ಸರ್ಕಾರದ್ದು.

ಸಬ್ಸಿಡಿ ಅಂದಕೂಡಲೇ ಅರ್ಧ ರೊಕ್ಕ ಕೈಗೆ ಬರುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ನಾಲ್ಕು ಲಕ್ಷದ ಕೆಲಸ ಅಂತ ಹಿಡಿಯೋಣ. ನಮ್ಮದು 40 ಸಾವಿರ, ಬ್ಯಾಂಕಿನ ಸಾಲ 3 ಲಕ್ಷ 60 ಸಾವಿರ. ಮಷಿನ್ ಕೊಡುವವರಿಗೆ ಬ್ಯಾಂಕೇ ನೇರವಾಗಿ ಹಣ ಕಟ್ಟುತ್ತದೆ. ಸಬ್ಸಿಡಿಯ 2 ಲಕ್ಷ ಬಂದು ಅದೇ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಕಂತು ತಪ್ಪದೆ ಘಟಕ ನಡೆಸಿದರೆ ಆಗ ಸಾಲಕ್ಕೆ ಜಮೆ ಆಗುತ್ತದೆ. ಸಬ್ಸಿಡಿ ರೊಕ್ಕದಲ್ಲಿ ಜೋಳ ತರುತ್ತೇನೆ ಅನ್ನುವ ಲೆಕ್ಕ ಯಾರೂ ಹಾಕಬೇಡಿ.

ನಾನು ಮೊದಲು ಹೋದ ಬ್ಯಾಂಕಿನಲ್ಲಿ ಮನೆ ಕಾಗದ ಅಡ ಇಡಿ ಅಂದರು. ಸಣ್ಣ ಉದ್ಯಮದ ಸಾಲಕ್ಕೆ 10 ಲಕ್ಷದವರೆಗೆ ಆಸ್ತಿ ಅಡ ಕೇಳಬಾರದು ಅಂತ ಆಗ ರಿಸರ್ವ್ ಬ್ಯಾಂಕಿನ ನಿಯಮವೇ ಇತ್ತು. ಜಗಳ ಮಾಡಲಿಲ್ಲ, ನಮ್ಮ ಖಾತೆ ಇದ್ದ ಇನ್ನೊಂದು ಬ್ಯಾಂಕಿಗೆ ಹೋದೆ. ಅಲ್ಲಿ ಉದ್ಯಮ್ ಪ್ರಮಾಣಪತ್ರ (ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ನೋಂದಣಿ ಪತ್ರ), ಆಹಾರದ ಲೈಸೆನ್ಸು, ಮಷಿನ್ ಕೊಟೇಶನ್, ಖಾತೆಯ ಸ್ಟೇಟ್‌ಮೆಂಟ್ ಇಷ್ಟರಲ್ಲೇ ಕೆಲಸ ಆಯಿತು. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಇದಕ್ಕೂ ದುಡ್ಡು ಕೇಳುವ ಏಜೆಂಟರಿದ್ದಾರೆ, ಹುಷಾರು.

ಇನ್ನು ಜೋಳ. ನಮ್ಮ ಕಸುಬಿನ ಜೀವ ಇರುವುದು ಇಲ್ಲೇ.

ರೊಟ್ಟಿಗೆ ಮಾಲದಂಡಿ ಬಿಳಿ ಜೋಳವೇ ಬೇಕು. ಡೋಣಿ ನದಿ ಸಾಲಿನ ಎರಿ (ಕಪ್ಪು ಮಣ್ಣಿನ) ಹೊಲದ ಹಿಂಗಾರಿ ಜೋಳ ಸಿಕ್ಕರೆ ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುವುದಿಲ್ಲ. ಸುಗ್ಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ರಾಶಿ ಮುಗಿಸಿದ ರೈತರಿಂದ ನೇರವಾಗಿ ಕೊಂಡರೆ ಮಾಲೂ ಒಳ್ಳೆಯದು, ದರವೂ ಹಿತ. ಆದರೆ ಅವರಿಗೆ ರೊಕ್ಕ ಅವತ್ತೇ ಬೇಕು. ಬಬಲೇಶ್ವರ ಕಡೆಯ ಒಬ್ಬ ಕಾಕಾ ಚೀಲ ತೂಗುವ ಮೊದಲೇ ಕೇಳುತ್ತಾರೆ: "ತಂಗೀ, ರೊಕ್ಕ ಇವತ್ತ ಹಾಕ್ತೀಯೋ, ನಾಳೆ ಅಂತೀಯೋ?" ಅವರದೇನೂ ತಪ್ಪಿಲ್ಲ. ಗೊಬ್ಬರದಂಗಡಿ ಬಾಕಿ ಅವರ ತಲೆ ಮೇಲೆ ಕೂತಿರುತ್ತದೆ. ಇತ್ತ ನಮ್ಮ ರೊಟ್ಟಿ ಮಾರಾಟವೋ ವರ್ಷಪೂರ್ತಿ ಚೂರುಚೂರಾಗಿ ನಡೆಯುವಂಥದ್ದು. ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಗೆ ಸ್ವಲ್ಪ ಜಾಸ್ತಿ, ಅಷ್ಟೇ.

ಈ ಅಂತರಕ್ಕೆ ಕಂತಿನ ಸಾಲ ಸರಿಹೋಗುವುದಿಲ್ಲ. ತಂದ ಮರುತಿಂಗಳಿಂದಲೇ ಕಂತು ಶುರು, ಚೀಲಗಳು ಇನ್ನೂ ಗೋಡೆಗೇ ಒರಗಿರುತ್ತವೆ. ಇದಕ್ಕೆ ಇರುವುದು ಕ್ಯಾಶ್ ಕ್ರೆಡಿಟ್, ನಾವೆಲ್ಲ ಸಿಸಿ ಅನ್ನುವುದು. ಸಣ್ಣ ಉದ್ಯಮಗಳಿಗಿರುವ ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲೂ ಸಿಗುತ್ತದೆ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ನಾನು ಕಿಶೋರದಲ್ಲಿ ಸಿಸಿ ಮಾಡಿಸಿಕೊಂಡೆ. ಎಷ್ಟು ತೆಗೆದಿದ್ದೀರೋ ಅಷ್ಟಕ್ಕೆ, ಎಷ್ಟು ದಿನ ಇಟ್ಟುಕೊಂಡಿದ್ದೀರೋ ಅಷ್ಟೇ ದಿನಕ್ಕೆ ಬಡ್ಡಿ. ಮಾರ್ಚ್‌ನಲ್ಲಿ ಮಿತಿಯವರೆಗೆ ತೆಗೆಯುತ್ತೇನೆ, ರೊಟ್ಟಿ ಮಾರಿದಂತೆಲ್ಲ ತುಂಬುತ್ತೇನೆ.

ಲೆಕ್ಕ ಹೀಗಿದೆ. ಕ್ವಿಂಟಲ್ ಜೋಳ ನಾಲ್ಕು ಸಾವಿರ ಅಂತಿಟ್ಟುಕೊಳ್ಳಿ. ನೂರಕ್ಕೆ 11ರ ಬಡ್ಡಿಯಲ್ಲಿ ಆರು ತಿಂಗಳಿಗೆ 220 ರೂಪಾಯಿ. ಸುಗ್ಗಿಗೂ ಮಳೆಗಾಲದ ಕೊನೆಗೂ ಕ್ವಿಂಟಲ್‌ಗೆ ಐದುನೂರು ರೂಪಾಯಿ ಮೇಲೆಯೇ ಫರಕು ಬಿದ್ದದ್ದನ್ನು ನಾನು ಕಂಡಿದ್ದೇನೆ. ದರ ಏರದ ವರ್ಷವೂ ಇರುತ್ತದೆ. ಆಗಲೂ ಒಂದೇ ತಳಿ, ಒಂದೇ ರುಚಿ ವರ್ಷವಿಡೀ ಸಿಗುತ್ತದಲ್ಲ, ಗಿರಾಕಿ ಉಳಿಯುವುದು ಅದರಿಂದಲೇ.

ಸಿಸಿಗೆ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ಎಷ್ಟು ಮಾಲು ಇದೆ ಅನ್ನುವ ಲೆಕ್ಕ ಕೊಡಬೇಕು. ಬ್ಯಾಂಕಿನವರು ಬಂದು ಚೀಲ ಎಣಿಸಿಯೂ ಹೋಗುತ್ತಾರೆ. ನಾನು ಹತ್ತು ಹತ್ತು ಚೀಲದ ಥಪ್ಪಿ ಹಾಕಿಸಿ, ತಂದ ತಾರೀಖು, ತೂಕ, ರೈತರ ಹೆಸರು ಬರೆದ ಚೀಟಿ ಕಟ್ಟಿರುತ್ತೇನೆ. ನುಸಿ ಬೀಳದಿರಲಿ ಅಂತ ಬೇವಿನ ಸೊಪ್ಪು ಹಾಕುವಾಗಲೇ ಈ ಕೆಲಸವೂ ಮುಗಿಯುತ್ತದೆ.

ಸಿಸಿ ಮಿತಿ ಎಷ್ಟಿರಬೇಕು ಅಂತ ನೋಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ವರ್ಷದ ವಹಿವಾಟಿನ ನೂರಕ್ಕೆ 20 ಹಿಡಿಯುತ್ತಾರೆ. ವಹಿವಾಟು ಕಾಣಬೇಕಾದರೆ ರೊಕ್ಕ ಖಾತೆಗೆ ಬರಬೇಕು, ಅಲ್ವಾ? ಅದಕ್ಕೇ ಅಂಗಡಿಗೆ ಬೇರೆ ಚಾಲ್ತಿ ಖಾತೆ ತೆರೆದು ಕ್ಯೂಆರ್ ಅದಕ್ಕೇ ಜೋಡಿಸಿದೆ. ಗಿರಾಕಿಯ ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಬರುವ ರೊಕ್ಕಕ್ಕೆ ನಮಗೆ ಶುಲ್ಕ ಇಲ್ಲ. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಕೆಲವರು ಹೆದರಿ ಕ್ಯೂಆರ್ ತೆಗೆದೇ ಬಿಟ್ಟರು. ನನಗದು ಸರಿ ಅನಿಸಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ ನಗದಿಗೂ ಅಷ್ಟೇ, ಯುಪಿಐಗೂ ಅಷ್ಟೇ. ಮನೆಯ ರೊಕ್ಕ, ಅಣ್ಣತಮ್ಮಂದಿರು ಕಳಿಸಿದ ರೊಕ್ಕ ಅಂಗಡಿ ಖಾತೆಗೆ ಬೀಳದಂತೆ ನೋಡಿಕೊಂಡರೆ ಸುಮ್ನೆ ಹೆದರುವ ಕಾರಣವಿಲ್ಲ.

ಬ್ಯಾಂಕು ತಡ ಮಾಡುತ್ತದೆ ಅಂತ ದಿನದ ವಸೂಲಿ ಸಾಲಕ್ಕೆ ಕೈ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಹತ್ತು ಸಾವಿರ ಅಂತ ಬರೆದುಕೊಂಡು ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಕೇಳಲು ಹಗುರ. ವರ್ಷದ ಬಡ್ಡಿಗೆ ತಂದರೆ ನೂರಕ್ಕೆ 70 ದಾಟುತ್ತದೆ. 'ಫ್ಲ್ಯಾಟ್ 12' ಅನ್ನುವುದೂ ಹಾಗೆಯೇ. ಅಸಲು ತೀರುತ್ತಾ ಬಂದರೂ ಬಡ್ಡಿ ಮೊದಲಿನಷ್ಟೇ ನಿಲ್ಲುವುದರಿಂದ, ಒಂದು ವರ್ಷದ ಸಾಲದಲ್ಲಿ ಅದು ನಿಜವಾಗಿ 21ರ ಆಸುಪಾಸು.

ಕೊನೆಗೆ ಉದ್ರಿ. ಊರ ಅಂಗಡಿಗಳವರು ವಾರಕ್ಕೊಮ್ಮೆ ಕೊಟ್ಟುಬಿಡುತ್ತಾರೆ. ತೊಂದರೆ ಕೊಟ್ಟದ್ದು ಬೆಂಗಳೂರಿನ ಒಂದು ದೊಡ್ಡ ಮಳಿಗೆ. ಮಾಲು ಹೋಗಿ ತಿಂಗಳುಗಳಾದರೂ "ಅಕೌಂಟ್ಸ್‌ನಲ್ಲಿದೆ ಮೇಡಂ" ಅನ್ನುವ ಒಂದೇ ಉತ್ತರ. ಸಣ್ಣ ಉದ್ಯಮಗಳಿಗೆ ಅಂತ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ರೊಕ್ಕ ಕೊಡುವುದು ಕರಾರಿದ್ದರೂ 45 ದಿನ ದಾಟುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಅಷ್ಟೇ ಅಲ್ಲ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಹೀಗೆ ತಡ ಮಾಡಿದ ಬಾಕಿಯನ್ನು ಕೊಡುವವರೆಗೂ ಅವರು ಖರ್ಚು ಅಂತ ತೋರಿಸುವಂತಿಲ್ಲ. ಇದನ್ನೆಲ್ಲ ಒಂದು ಪತ್ರದಲ್ಲಿ ಮರ್ಯಾದೆಯಿಂದಲೇ ಬರೆದು, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ, ಇಂಥ ಬಾಕಿಯ ದೂರಿಗೆ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕುವವಳಿದ್ದೇನೆ ಅಂತ ತಿಳಿಸಿದೆ. ದೂರು ಕೊಡುವ ಮೊದಲೇ ರೊಕ್ಕ ಬಂತು.

ಈಗ ಉದ್ಯಮ್ ನಂಬರು, ಪಾವತಿಯ ಕೊನೆಯ ತಾರೀಖು ಎರಡೂ ನನ್ನ ಪ್ರತಿ ಬಿಲ್ಲಿನ ಮೇಲೆ ಅಚ್ಚಾಗಿರುತ್ತವೆ. ಹೊಸ ಅಂಗಡಿಗೆ ಮೊದಲ ಆರ್ಡರ್ ನಗದು. ಆಮೇಲೆ ಉದ್ರಿ ಕೊಟ್ಟರೂ ಹಿಂದಿನ ಬಿಲ್ಲು ತೀರದೆ ಮುಂದಿನ ಡಬ್ಬಿ ಹೊರಡುವುದಿಲ್ಲ. ಕೊರಿಯರ್‌ನಲ್ಲಿ ಮನೆಗೆ ತರಿಸಿಕೊಳ್ಳುವವರು ಮೊದಲೇ ಯುಪಿಐ ಮಾಡಬೇಕು. ರೊಟ್ಟಿ ಮುರಿದಿದ್ದರೆ ಫೋಟೋ ಕಳಿಸಲಿ, ಅಷ್ಟು ರೊಟ್ಟಿ ಮತ್ತೆ ಕಳಿಸುತ್ತೇನೆ.