ವ್ಯಾಗನ್‌ಗೂ ಒಂದು ತವರು: ಮೂರು ಮನೆಗಳ ಮಾದರಿ ರೈಲುಗಳ ನಡುವೆ ಸರಕು ಸಾಗಿಸಿದ ನನ್ನ ಅನುಭವ

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ನಾನು ಮನೆ ಬಿಡುವಾಗ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ ಇರುತ್ತವೆ. ಎರಡಕ್ಕೂ ಸೀಟ್ ಬೆಲ್ಟ್ ಹಾಕಿರುತ್ತೇನೆ. ಒಂದೊಂದರಲ್ಲಿ ಎಂಟೆಂಟು ಗೂಡ್ಸ್ ವ್ಯಾಗನ್. ಪ್ರತಿ ವ್ಯಾಗನ್ ಹೆಚ್ಚುಕಡಿಮೆ 14 ಸೆಂಟಿಮೀಟರ್ ಉದ್ದ, ನೂರು ಗ್ರಾಂ ಚಿಲ್ಲರೆ ತೂಕ. ಪೆಟ್ಟಿಗೆಯ ಪಕ್ಕದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹದಿನಾರು ಕಾರ್ಡುಗಳ ಕಟ್ಟು. ಅವತ್ತು ವ್ಯಾಗನ್ ಮರೆತು ಹೋದರೂ ನಡೆದೀತು, ಕಾರ್ಡು ಮರೆತರೆ ನಡೆಯುವುದಿಲ್ಲ. ಅದು ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ಮನೆಯ ನೆಲಮಾಳಿಗೆಯಲ್ಲಿ ಎಚ್‌ಒ ಅಳತೆಯ ಮಾದರಿ ರೈಲು ಕಟ್ಟಿದ್ದೇನೆ. ಅಂದರೆ ನಿಜದ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಾನು ಕಟ್ಟಿರುವುದು ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಒಂದು ತುಂಡು, ಕಾನಲ್ಸ್‌ವಿಲ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ. ಕಾಲ 1956ರ ಶರತ್ಕಾಲ. ನಲವತ್ತು ನಿಮಿಷ ದೂರದಲ್ಲಿ ದಾವಣಗೆರೆ ಕಡೆಯ ಗೆಳೆಯರೊಬ್ಬರಿದ್ದಾರೆ. ಅವರು ಕಟ್ಟಿರುವುದು ಪಿಟ್ಸ್‌ಬರ್ಗ್ ಅಂಡ್ ವೆಸ್ಟ್ ವರ್ಜೀನಿಯಾ ರೈಲ್ವೆ, ಅದರ ರೂಕ್ ಯಾರ್ಡ್ ಸಮೇತ. ಯಾರ್ಡ್ ಅಂದರೆ ವ್ಯಾಗನ್‌ಗಳನ್ನು ವಿಂಗಡಿಸಿ ಗಾಡಿ ಜೋಡಿಸುವ ಜಾಗ. ಮೂರನೆಯವರು ಒಹಾಯೋದಲ್ಲಿರುವ ಒಬ್ಬ ಹಿರಿಯರು, ನನ್ನ ಮನೆಯಿಂದ ಎರಡು ಗಂಟೆ ದಾರಿ. ಅವರದು ನಿಕಲ್ ಪ್ಲೇಟ್ ರೈಲ್ವೆಯ ಬ್ರೂಸ್ಟರ್ ಊರು.

ಈ ಮೂರೂ ಸುಮ್ನೆ ಆರಿಸಿಕೊಂಡ ಹೆಸರುಗಳಲ್ಲ. ನಿಜದಲ್ಲೂ ಇವು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡ ಹಾಗೆ ಇದ್ದವು. ವೆಸ್ಟರ್ನ್ ಮೇರಿಲ್ಯಾಂಡ್ 1912ರಲ್ಲಿ ಕಾನಲ್ಸ್‌ವಿಲ್ ತಲುಪಿತು. ಪಿಟ್ಸ್‌ಬರ್ಗ್ ಅಂಡ್ ವೆಸ್ಟ್ ವರ್ಜೀನಿಯಾ ಅದೇ ಊರಿಗೆ 1931ರಲ್ಲಿ ಬಂತು. ಪೆನ್ಸಿಲ್ವೇನಿಯಾ, ಬಾಲ್ಟಿಮೋರ್ ಅಂಡ್ ಒಹಾಯೋದಂಥ ದೊಡ್ಡ ರೈಲ್ವೆಗಳ ಮುಂದೆ ಈ ಚಿಕ್ಕವರು ಒಬ್ಬೊಬ್ಬರೇ ನಿಲ್ಲಲು ಆಗುತ್ತಿರಲಿಲ್ಲ. ಅದಕ್ಕೇ ಹಲವರು ಸೇರಿ ಒಬ್ಬರಿಂದ ಒಬ್ಬರಿಗೆ ವ್ಯಾಗನ್‌ಗಳನ್ನು ಬೇಗಬೇಗ ದಾಟಿಸುತ್ತಾ ಮಧ್ಯ ಪಶ್ಚಿಮದಿಂದ ಪೂರ್ವ ಕರಾವಳಿಗೆ ಸರಕು ಮುಟ್ಟಿಸಿದರು. ಎಲ್ಲರ ಹೆಸರಿನ ಮೊದಲಕ್ಷರ ಸಾಲಾಗಿ ಬರೆದರೆ ಅಕ್ಷರಮಾಲೆಯ ಹಾಗೆ ಕಾಣುತ್ತಿತ್ತು. ಅದಕ್ಕೆ ಆಲ್ಫಬೆಟ್ ರೂಟ್ ಅಂತಲೇ ಹೆಸರಾಯಿತು. ಇಡೀ ಹಾದಿ ನಿಂತಿದ್ದದ್ದು ಕೈಯಿಂದ ಕೈಗೆ ದಾಟಿಸುವ ಜಾಗಗಳ ಮೇಲೆ, ಅಂದರೆ ಇಂಟರ್‌ಚೇಂಜ್ ಮೇಲೆ.

ನಾನು ಹುಬ್ಬಳ್ಳಿಯವನು. ಮೀಟರ್ ಗೇಜ್ ಕಾಲದಲ್ಲಿ ನಮ್ಮ ಕಡೆಯ ಸರಕು ಮದ್ರಾಸ್–ಬಾಂಬೆ ಬ್ರಾಡ್ ಗೇಜ್ ಹಾದಿ ಹಿಡಿಯಬೇಕಾದರೆ ಗುಂತಕಲ್‌ನಲ್ಲಿ ಇಳಿಸಿ ಬೇರೆ ವ್ಯಾಗನ್‌ಗೆ ಹತ್ತಿಸಬೇಕಿತ್ತು. ಅಲ್ಲಿ ದಾಟುತ್ತಿದ್ದದ್ದು ಮೂಟೆ, ವ್ಯಾಗನ್ ಅಲ್ಲ. ಅಮೆರಿಕದಲ್ಲಿ 1886ರಲ್ಲಿ ದಕ್ಷಿಣದ ರಾಜ್ಯಗಳೂ ಹಳಿಯ ಅಗಲ ಬದಲಾಯಿಸಿಕೊಂಡ ಮೇಲೆ ವ್ಯಾಗನ್ನೇ ಒಬ್ಬರ ಹಳಿಯಿಂದ ಇನ್ನೊಬ್ಬರ ಹಳಿಗೆ ಸಲೀಸಾಗಿ ಹೋಗತೊಡಗಿತು. ಹಾಗೆ ಹೋದ ವ್ಯಾಗನ್ ವಾಪಸ್ ಬರಬೇಕಲ್ಲ? ನನ್ನ ಕುತೂಹಲ ಪೂರ್ತಿ ಅಲ್ಲಿಯೇ.

ನಮ್ಮ ಅಮ್ಮ ಸ್ಟೀಲ್ ಪಾತ್ರೆ ಕೊಂಡ ದಿನವೇ ಅದರ ಮೇಲೆ ಹೆಸರು ಕೆತ್ತಿಸುತ್ತಿದ್ದರು. ಮದುವೆ ಮುಂಜಿಗೆ ನಾಲ್ಕು ಮನೆ ಸುತ್ತಿ ಬಂದರೂ ಯಾರ ಪಾತ್ರೆ ಅಂತ ಗೊತ್ತಾಗಬೇಕು. ಅಮೆರಿಕದ ವ್ಯಾಗನ್ ಪಕ್ಕದಲ್ಲಿ ಬರೆದ ಅಕ್ಷರಗಳೂ ನಂಬರೂ ಅದೇ ಕೆಲಸ ಮಾಡುತ್ತವೆ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಅಮ್ಮ ಬರಿದಾಗಿ ಹಿಂದಿರುಗಿಸಿದ್ದು ನಾನು ನೋಡಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಇಲ್ಲಿಯ ರೈಲ್ವೆಗಳ ನಿಯಮವೂ ಅದನ್ನೇ ಹೇಳುತ್ತಿತ್ತು: ಪರರ ವ್ಯಾಗನ್ ನಿನ್ನಲ್ಲಿ ಖಾಲಿಯಾದರೆ, ಸಾಧ್ಯವಾದಷ್ಟೂ ಅದರ ತವರಿನ ದಿಕ್ಕಿಗೆ ಹೋಗುವ ಸರಕು ತುಂಬಿ ಕಳಿಸು. ಈ ನಿಯಮ ಮೊದಲ ಸಲ ಓದಿದಾಗ ನನಗೆ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬಂತು.

ಮೊದಲು ನಾವು ಮೂವರೂ ನಮ್ಮ ನಮ್ಮ ಲೇಔಟನ್ನು, ಅಂದರೆ ಮನೆಯಲ್ಲಿ ಕಟ್ಟಿದ ಮಾದರಿ ರೈಲನ್ನು, ಒಂಟಿಯಾಗಿ ಓಡಿಸುತ್ತಿದ್ದೆವು. ನನ್ನ ಗೂಡ್ಸ್ ಗಾಡಿ ಕಾನಲ್ಸ್‌ವಿಲ್ ದಾಟಿ ಗೋಡೆಯ ಹಿಂದೆ ಬಚ್ಚಿಟ್ಟ ಹಳಿಗಳಿಗೆ ಹೋಗಿ ನಿಲ್ಲುತ್ತಿತ್ತು. ಮುಂದಿನ ಸಲ ಅದೇ ಗಾಡಿ ಅದೇ ವ್ಯಾಗನ್‌ಗಳ ಜೊತೆ ವಾಪಸ್. ಒಹಾಯೋಗೆ ಅಂತ ಕಾಗದದಲ್ಲಿ ಬರೆದಿದ್ದರೂ ಆ ವ್ಯಾಗನ್ ಒಹಾಯೋ ನೋಡಿರಲಿಲ್ಲ. 2018ರಲ್ಲಿ ಗೆಳೆಯರ ರೂಕ್ ಯಾರ್ಡ್‌ನಲ್ಲಿ ನಿಂತಿದ್ದಾಗ ಅವರೇ ಕೇಳಿದರು, "ನಿಮ್ಮ ವ್ಯಾಗನ್ ನಿಜವಾಗಿ ನನ್ನ ಮನೆಗೇ ಬರಲಿ ಅಲ್ವಾ? ದಿನಾ ಕಾರಲ್ಲಿ ಓಡಾಡೋರು ನಾವು." ಅವತ್ತೇ ಶುರುವಾಯಿತು.

ಶುರು ಮಾಡುವ ಮೊದಲು ವ್ಯಾಗನ್‌ಗಳನ್ನು ಒಂದು ಹದಕ್ಕೆ ತರಬೇಕಿತ್ತು. ಸ್ವಂತ ಮನೆಯಲ್ಲಿ ಚೆನ್ನಾಗಿ ಓಡುವ ವ್ಯಾಗನ್ ಪಕ್ಕದ ಮನೆಯ ಪಾಯಿಂಟಿನಲ್ಲಿ, ಅಂದರೆ ಹಳಿ ಕವಲೊಡೆಯುವ ಕಡೆ, ಹಳಿ ತಪ್ಪುತ್ತದೆ. ಅಮೆರಿಕದ ಮಾದರಿ ರೈಲು ಸಂಘ, ಅಂದರೆ 1935ರಲ್ಲಿ ಹುಟ್ಟಿದ ಎನ್‌ಎಂಆರ್‌ಎ, ತೂಕಕ್ಕೆ ಒಂದು ಸಲಹೆ ಕೊಟ್ಟಿದೆ. ಎಚ್‌ಒ ಅಳತೆಯಲ್ಲಿ ಒಂದು ಔನ್ಸ್ ಮೂಲ ತೂಕ, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಲವತ್ತು ಅಡಿಯ ಬಾಕ್ಸ್ ವ್ಯಾಗನ್ ಮಾದರಿಯಲ್ಲಿ ಐದೂವರೆ ಇಂಚು. ಹಾಗಾಗಿ 3.75 ಔನ್ಸ್, ಅಂದರೆ 106 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಕಡಿಮೆ ಇದ್ದವಕ್ಕೆ ಒಳಗೆ ಸೀಸದ ಬದಲು ಸ್ಟೀಲ್ ನಟ್ ಅಂಟಿಸಿದೆ. ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ ಚಕ್ರ. ವ್ಯಾಗನ್ ಜೋಡಿಸುವ ಕೊಂಡಿ ಎಲ್ಲಕ್ಕೂ ಕೇಡೀ ಕಪ್ಲರ್, ಎತ್ತರ ಒಂದೇ. ಚಕ್ರಗಳ ನಡುವಿನ ಅಂತರವನ್ನು ಎನ್‌ಎಂಆರ್‌ಎ ಅಳತೆ ಪಟ್ಟಿಯಲ್ಲಿ ನೋಡದೆ ಯಾವ ವ್ಯಾಗನ್ನೂ ಪೆಟ್ಟಿಗೆಗೆ ಹೋಗುವುದಿಲ್ಲ. ಪಾಸಾದ ವ್ಯಾಗನ್ ಹೊಟ್ಟೆಗೆ ಒಂದು ಚಿಕ್ಕ ಹಸಿರು ಚುಕ್ಕೆ. ನನ್ನ ನೂರನಲವತ್ತರಲ್ಲಿ ಮೊದಲ ವರ್ಷ ಹಸಿರು ಚುಕ್ಕೆ ಸಿಕ್ಕಿದ್ದು 48ಕ್ಕೆ ಮಾತ್ರ. ಎಂಜಿನ್‌ಗಳು ಮನೆ ಬಿಟ್ಟು ಹೋಗುವುದಿಲ್ಲ ಅಂತ ಮೊದಲ ದಿನವೇ ತೀರ್ಮಾನಿಸಿದೆವು. ಅದರಿಂದ ಒಂದೊಂದು ಎಂಜಿನ್ನನ್ನೂ ಬೇರೆಯಾಗಿ ಓಡಿಸಲು ಕೊಡುವ ಡಿಜಿಟಲ್ ಕಂಟ್ರೋಲ್ ನಂಬರ್‌ಗಳ ಗೊಂದಲವೇ ಬರಲಿಲ್ಲ.

ಇನ್ನು ಕಾಗದ. 1961ರಲ್ಲಿ ಡಗ್ ಸ್ಮಿತ್ ಎಂಬುವರು ರೂಪಿಸಿದ ಪದ್ಧತಿ ಇವತ್ತಿಗೂ ಅಮೆರಿಕದ ಬಹಳಷ್ಟು ಮಾದರಿ ರೈಲುಗಳಲ್ಲಿ ನಡೆಯುತ್ತಿದೆ. ಪ್ರತಿ ವ್ಯಾಗನ್‌ಗೂ ಜೇಬಿರುವ ಒಂದು ಕಾರ್ಡ್. ಅದರ ಮೇಲೆ ವ್ಯಾಗನ್‌ನ ಅಕ್ಷರ, ನಂಬರ್, ಜಾತಿ, ಖಾಲಿಯಾದರೆ ಎಲ್ಲಿಗೆ ಕಳಿಸಬೇಕು ಅನ್ನುವುದು. ಆ ಜೇಬಿಗೆ ವೇಬಿಲ್ ಸಿಕ್ಕಿಸುತ್ತೇವೆ. ವೇಬಿಲ್ ಹೇಳುವುದು ಏನು ತುಂಬಿದೆ, ಯಾರಿಂದ ಯಾರಿಗೆ ಅಂತ. ಒಂದು ವೇಬಿಲ್‌ನಲ್ಲಿ ನಾಲ್ಕು ಪ್ರಯಾಣ ಬರೆದಿರುತ್ತದೆ, ಎದುರು ಎರಡು, ಹಿಂದೆ ಎರಡು. ಒಂದು ಮುಗಿದರೆ ತಿರುಗಿಸಿ ಸಿಕ್ಕಿಸಿದರೆ ಮುಂದಿನದು ಕಾಣುತ್ತದೆ. ನಾವು ಒಂದು ಸಾಲು ಸೇರಿಸಿದೆವು: ಹಾದಿ. ಯಾವ ರೈಲ್ವೆ, ಯಾವ ಊರಲ್ಲಿ ಕೈಬದಲು, ಮುಂದೆ ಯಾವ ರೈಲ್ವೆ.

ನನಗೆ ಬಹಳ ಇಷ್ಟವಾದ ವೇಬಿಲ್ ಹೇಳುತ್ತೇನೆ. ಆಕ್ರನ್ ಊರು ಟೈರ್‌ಗಳಿಗೆ ಹೆಸರುವಾಸಿ. ನಿಕಲ್ ಪ್ಲೇಟ್‌ನ ಒಂದು ಬಾಕ್ಸ್ ವ್ಯಾಗನ್, ನಂಬರಿನ ಕೊನೆಗೆ 442. ಅದರಲ್ಲಿ ಟೈರ್ ತುಂಬಿ ಒಹಾಯೋ ಹಿರಿಯರ ಮನೆಯಿಂದ ಹೊರಡುತ್ತದೆ. ಕಾಗದದ ಮೇಲೆ ಪಿಟ್ಸ್‌ಬರ್ಗ್ ಜಂಕ್ಷನ್ ಅನ್ನುವ ಊರಲ್ಲಿ ಕೈಬದಲಾಗಿ ಗೆಳೆಯರ ಲೇಔಟಿಗೆ ಬರುತ್ತದೆ. ಅವರ ರೂಕ್ ಯಾರ್ಡ್‌ನಲ್ಲಿ ಗಾಡಿ ಬದಲಾಗಿ ಕಾನಲ್ಸ್‌ವಿಲ್‌ನಲ್ಲಿ ನನ್ನ ಕೈ ಸೇರುತ್ತದೆ. ನಾನು ಬೆಟ್ಟ ಹತ್ತಿಸಿ ಕಂಬರ್‌ಲ್ಯಾಂಡ್‌ಗೆ ಒಯ್ಯುತ್ತೇನೆ, ಅಲ್ಲಿಂದ ಬಾಲ್ಟಿಮೋರ್. ಖಾಲಿಯಾದ ಮೇಲೆ? ಬಾಲ್ಟಿಮೋರ್‌ನ ಪೋರ್ಟ್ ಕವಿಂಗ್ಟನ್ ಬಂದರಿಗೆ ಬಂದಿಳಿದ ಹಸಿ ರಬ್ಬರ್ ತುಂಬಿ ಆಕ್ರನ್‌ಗೆ ವಾಪಸ್. ರಬ್ಬರ್ ಹೋಗಿ ಟೈರ್ ಬರುತ್ತದೆ, ಟೈರ್ ಹೋಗಿ ರಬ್ಬರ್ ಬರುತ್ತದೆ. ಈ ವೇಬಿಲ್ ನಾವೇ ಬರೆದದ್ದು. ಮೂರು ಮನೆ ಸುತ್ತಿ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು.

ಮೊದಲ ವರ್ಷ ನಾವು ಮಾಡಿದ ದೊಡ್ಡ ತಪ್ಪು ಈ ವೇಬಿಲ್ ತಿರುಗಿಸುವುದರಲ್ಲೇ. ಪೆಟ್ಟಿಗೆಗೆ ಹಾಕುವಾಗ ನಾನು ತಿರುಗಿಸುತ್ತಿದ್ದೆ, ಇಲ್ಲಿಯ ಕೆಲಸ ಮುಗೀತಲ್ಲ ಅಂತ. ಪೆಟ್ಟಿಗೆಯಿಂದ ತೆಗೆಯುವಾಗ ಗೆಳೆಯರೂ ತಿರುಗಿಸುತ್ತಿದ್ದರು, ಹೊಸ ದಿನ ಅಂತ. ಒಂದೊಂದು ಪ್ರಯಾಣ ಹಾರಿಹೋಗುತ್ತಿತ್ತು. ಸಿಮೆಂಟ್ ತುಂಬಿದ ಹಾಪರ್ ವ್ಯಾಗನ್ ಸರಕು ಇಳಿಸದೇ ಮತ್ತೆ ತುಂಬಲು ಹೋಯಿತು. 442 ಎರಡು ಸಲ ಟೈರ್ ಹೊತ್ತು ಕಾನಲ್ಸ್‌ವಿಲ್‌ವರೆಗೆ ಬಂದು ಹಾಗೇ ಹಿಂತಿರುಗಿತು. ಎಲ್ಲಿ ತಪ್ಪಿದೆ ಅಂತ ಹಿಡಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಈಗಿನ ನಿಯಮ ಸರಳ. ವ್ಯಾಗನ್ ತಲುಪಬೇಕಾದ ಕಾರ್ಖಾನೆಯ ಬಾಗಿಲಲ್ಲಿ ನಿಂತು ಒಂದು ಸೆಷನ್, ಅಂದರೆ ಸೇರಿ ರೈಲು ಓಡಿಸುವ ಒಂದು ಸಲದ ಕೂಟ, ಕಳೆದ ಮೇಲೆ, ಆ ಮನೆಯ ಯಜಮಾನ ಮಾತ್ರ ವೇಬಿಲ್ ತಿರುಗಿಸಬೇಕು. ಪೆಟ್ಟಿಗೆಯ ಹತ್ತಿರ ಯಾರೂ ತಿರುಗಿಸುವ ಹಾಗಿಲ್ಲ.

ಅದರ ಜೊತೆಗೆ ಒಂದು ರಿಜಿಸ್ಟರ್ ಇಟ್ಟೆವು. ಸಾಮಾನ್ಯ ಉದ್ದನೆಯ ನೋಟ್‌ಬುಕ್. ಕೊಟ್ಟವರು, ತೆಗೆದುಕೊಂಡವರು, ದಿನಾಂಕ, ವ್ಯಾಗನ್ ನಂಬರ್, ತುಂಬಿದ್ದೋ ಖಾಲಿಯೋ, ಇಬ್ಬರ ಸಹಿ. ಇಷ್ಟೇ. ಪೆಟ್ಟಿಗೆಯಲ್ಲಿ ಎಂಟು ಗೂಡು, ಗೂಡಿಗೆ ನಂಬರ್, ಕಾರ್ಡುಗಳೂ ಅದೇ ಕ್ರಮದಲ್ಲಿ. ಗೂಡಿನ ಸುತ್ತ ಮೆತ್ತನೆಯ ಫೋಮ್. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಡಬೇಡಿ, ಒಂದು ಜುಲೈನಲ್ಲಿ ನನ್ನ ಎರಡು ಫ್ಲ್ಯಾಟ್ ವ್ಯಾಗನ್ ಬಿಸಿಲಿಗೆ ಬಿಲ್ಲಿನ ಹಾಗೆ ಬಾಗಿದವು.

ಇಷ್ಟಾದರೂ ಪರರ ವ್ಯಾಗನ್‌ಗಳು ಯಾರ್ಡ್ ಮೂಲೆಯಲ್ಲಿ ಕೂತುಬಿಡುತ್ತಿದ್ದವು. ಯಾರದ್ದೂ ದುರುದ್ದೇಶವಲ್ಲ. ಖಾಲಿ ವ್ಯಾಗನ್ ಹುಡುಕಿ ಇಂಟರ್‌ಚೇಂಜ್ ಹಳಿಗೆ ಒಯ್ಯುವುದು ಬೇಸರದ ಕೆಲಸ. ಒಹಾಯೋ ಹಿರಿಯರ ಒಂದು ವ್ಯಾಗನ್ ನನ್ನಲ್ಲಿ ಆರು ತಿಂಗಳು ಉಳಿದಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ನಾಚಿಕೆಯಾಯಿತು. ಆಗ ಅವರೇ ಹಳೆಯ ರೈಲ್ವೆ ಪದ್ಧತಿಯೊಂದನ್ನು ನೆನಪಿಸಿದರು. 1902ರಿಂದ ಅಮೆರಿಕದ ರೈಲ್ವೆಗಳು ಪರರ ವ್ಯಾಗನ್‌ಗೆ ದಿನಬಾಡಿಗೆ ಕೊಡತೊಡಗಿದವು, ಶುರುವಿನಲ್ಲಿ ದಿನಕ್ಕೆ 20 ಸೆಂಟ್. ಮಧ್ಯರಾತ್ರಿ ಹನ್ನೆರಡಕ್ಕೆ ವ್ಯಾಗನ್ ಯಾರ ಹಳಿಯ ಮೇಲಿರುತ್ತಿತ್ತೋ ಆ ದಿನದ ಬಾಡಿಗೆ ಅವರು ಕೊಡಬೇಕಿತ್ತು. ಅದಕ್ಕೇ ಹನ್ನೊಂದೂವರೆಗೆಲ್ಲ ಯಾರ್ಡ್‌ಗಳಲ್ಲಿ ಪರರ ವ್ಯಾಗನ್ ದಾಟಿಸುವ ಅವಸರ.

ನಾವು ಮರದ ಬಿಲ್ಲೆ ತಂದೆವು, ಒಬ್ಬೊಬ್ಬರಿಗೆ ಐವತ್ತು. ರಾತ್ರಿ ಹತ್ತೂವರೆ ನಮ್ಮ ಮಧ್ಯರಾತ್ರಿ. ಗಂಟೆ ಬಾರಿಸುತ್ತೇವೆ. ಆ ಹೊತ್ತಿಗೆ ಇಂಟರ್‌ಚೇಂಜ್ ಹಳಿ ತಲುಪದೆ ಒಳಗೇ ಉಳಿದ ಪರರ ಪ್ರತಿ ಖಾಲಿ ವ್ಯಾಗನ್‌ಗೂ ಒಂದು ಬಿಲ್ಲೆ ಅದರ ಯಜಮಾನನಿಗೆ. ಮೊದಲ ರಾತ್ರಿಯೇ ಬದಲಾವಣೆ ಕಂಡಿತು. ಕಾನಲ್ಸ್‌ವಿಲ್ ಬಳಿಯ ನನ್ನ ಬೋವೆಸ್ಟ್ ಯಾರ್ಡ್ ನೋಡಿಕೊಳ್ಳುವ ಹುಡುಗ ಹತ್ತು ಗಂಟೆಗೆ ಗಡಿಯಾರ ನೋಡಿದ, ಸ್ವಿಚಿಂಗ್ ಎಂಜಿನ್ ಹಿಡಿದು ಏಳು ಖಾಲಿ ವ್ಯಾಗನ್‌ಗಳನ್ನು ಸಾಲಾಗಿ ಹೊರಗೆ ತಳ್ಳಿದ. ಯಾರೂ ಹೇಳಬೇಕಾಗಲಿಲ್ಲ. ತುಂಬಲು ಸರಕು ಸಿಗುತ್ತದಾ ಅಂತ ವೇಬಿಲ್ ಡಬ್ಬ ತಡಕುವುದೂ ಶುರುವಾಯಿತು, ಯಾಕೆಂದರೆ ತುಂಬಿದ ವ್ಯಾಗನ್‌ಗೆ ಆ ರಾತ್ರಿ ಬಿಲ್ಲೆ ಇಲ್ಲ. ಈಗ ಪರರ ವ್ಯಾಗನ್ ನನ್ನಲ್ಲಿ ಎರಡು ಸೆಷನ್‌ಗಿಂತ ಜಾಸ್ತಿ ಇರುವುದು ಅಪರೂಪ.

ಇನ್ನೊಂದು ಪಾಠ ಜಾಗದ್ದು. ಕಾನಲ್ಸ್‌ವಿಲ್‌ನಲ್ಲಿ ನನ್ನ ಇಂಟರ್‌ಚೇಂಜ್ ಹಳಿ ಎರಡು, ಒಂದೊಂದಕ್ಕೆ ಒಂಬತ್ತು ವ್ಯಾಗನ್ ಹಿಡಿಯುತ್ತದೆ. ಒಮ್ಮೆ ಎರಡೂ ಕಡೆಯಿಂದ ಸೇರಿ 26 ವ್ಯಾಗನ್ ಬಂದವು. ಸಂಜೆಯಿಡೀ ಯಾರ್ಡ್ ಉಸಿರುಕಟ್ಟಿ ನಿಂತಿತು, ಪ್ಯಾಸೆಂಜರ್ ಗಾಡಿಗೂ ದಾರಿ ಇಲ್ಲ. ಅಂದಿನಿಂದ ಒಂದು ಸಲಕ್ಕೆ ಹದಿನಾರು, ಅದಕ್ಕೆ ಮೇಲೆ ಒಂದೂ ಇಲ್ಲ.

2020ರಲ್ಲಿ ಕೊರೋನಾದಿಂದ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲ. ವ್ಯಾಗನ್‌ಗಳು ಎಲ್ಲಿದ್ದವೋ ಅಲ್ಲೇ ಉಳಿದವು. ನಾವು ವೇಬಿಲ್‌ನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆವು, ಫೋಟೋ ತಲುಪಿದವರು ತಮ್ಮಲ್ಲಿರುವ ಅದೇ ಜಾತಿಯ ವ್ಯಾಗನ್‌ಗೆ ಆ ವೇಬಿಲ್ ಹಾಕಿ ಓಡಿಸುತ್ತಿದ್ದರು. ಸರಕು ನಿಲ್ಲಲಿಲ್ಲ. ಆಗಲೇ ನನಗೆ ಅರ್ಥವಾದದ್ದು, ಮನೆಗಳನ್ನು ಜೋಡಿಸಿದ್ದು ಈ ಕಾಗದ ಅಂತ. ಆದರೂ ಹದಿನಾಲ್ಕು ತಿಂಗಳ ನಂತರ ಗೆಳೆಯರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಮೊದಲು ಕೇಳಿದ್ದು, "442 ಕ್ಷೇಮನಾ?" ಅಂತ.

ನಿಜದ ಹಾದಿ ಈಗ ಇಲ್ಲ. 1964ರಲ್ಲಿ ನಿಕಲ್ ಪ್ಲೇಟೂ ಗೆಳೆಯರ ರೈಲ್ವೆಯೂ ನಾರ್ಫೋಕ್ ಅಂಡ್ ವೆಸ್ಟರ್ನ್ ಪಾಲಾದವು. ಕಂಬರ್‌ಲ್ಯಾಂಡ್–ಕಾನಲ್ಸ್‌ವಿಲ್ ಹಳಿಯನ್ನು 1975ರಲ್ಲಿ ಕೈಬಿಟ್ಟರು. ಅದೇ ದಾರಿ ಈಗ ಸೈಕಲ್ ಹಾದಿ. ವರ್ಷಕ್ಕೊಮ್ಮೆ ನಾವು ಅಲ್ಲಿ ಸೈಕಲ್ ತುಳಿಯುತ್ತೇವೆ. ಬಿಗ್ ಸ್ಯಾವೇಜ್ ಸುರಂಗ ದಾಟಿ, ಸಾಲ್ಸ್‌ಬರಿ ಸೇತುವೆಯ ಮೇಲೆ ನಿಂತು ಬುತ್ತಿ ಬಿಚ್ಚುತ್ತೇವೆ.

ಈ ಶನಿವಾರದ ಎರಡೂ ಪೆಟ್ಟಿಗೆ ಸಿದ್ಧವಾಗಿವೆ. ಹದಿನೈದು ವ್ಯಾಗನ್ ಕೂತಿವೆ: ಒಂಬತ್ತು ತುಂಬಿದ್ದು, ಆರು ಖಾಲಿ. ಹದಿನಾರನೇ ಗೂಡು ಬರಿದಾಗಿದೆ. 442 ಇನ್ನೂ ಕಂಬರ್‌ಲ್ಯಾಂಡ್‌ನಲ್ಲಿ ರಬ್ಬರ್ ಹೊತ್ತು ನಿಂತಿದೆ. ನಾಳೆ ಸಂಜೆ ಒಂದು ಗಾಡಿ ಓಡಿಸಿ ಅದನ್ನು ಕಾನಲ್ಸ್‌ವಿಲ್‌ಗೆ ತರಬೇಕು.