ನುಗ್ಗೆ ಮರಕ್ಕೆ ಕುದುರೆ ಕಟ್ಟಿದ ಕಥೆ

ಮೈಸೂರಿನಲ್ಲಿ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಪಂಪ್‌ಸೆಟ್ ಕೈಪಿಡಿ, ಬೇಸಾಯದ ಕರಪತ್ರ, ಜಾಹೀರಾತು, ಸಿಕ್ಕಿದ್ದೆಲ್ಲ ಮಾಡುತ್ತೇನೆ. ಶುರುವಿನಲ್ಲಿ ನನ್ನ ಮಾನ ಕಳೆದದ್ದು ಕಷ್ಟದ ಪದ ಅಲ್ಲ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ‘ಹಾರ್ಸ್’.

ಗಿಡಮರಗಳ ಕರಪತ್ರವೊಂದರಲ್ಲಿ ‘ಹಾರ್ಸ್‌ರ್ಯಾಡಿಷ್ ಟ್ರೀ’ ಅಂತ ಇತ್ತು. ಹಾರ್ಸ್ ಅಂದರೆ ಕುದುರೆ, ರ್ಯಾಡಿಷ್ ಅಂದರೆ ಮೂಲಂಗಿ. ‘ಕುದುರೆ ಮೂಲಂಗಿ ಮರ’ ಅಂತ ಬರೆದು ಕಳಿಸಿಬಿಟ್ಟೆ. ಅಚ್ಚೂ ಆಯಿತು. ಮದ್ದೂರಿನ ಕಡೆ ಇರುವ ನಮ್ಮ ಮಾವ ಅದನ್ನು ಕೈಯಲ್ಲಿ ಹಿಡಿದು ಚಿತ್ರ ನೋಡಿದರು, ಹೆಸರು ಓದಿದರು, ಮತ್ತೆ ಚಿತ್ರ ನೋಡಿದರು. ‘ಅಲ್ಲ ಕಣ್ಲಾ, ನುಗ್ಗೆ ಮರುಕ್ಕೆ ಯಾಕ್ಲಾ ಕುದ್ರೆ ಕಟ್ಟಿದ್ದೀಯ?’

ಆಮೇಲೆ ಹುಡುಕಿದೆ. ಹಾರ್ಸ್‌ರ್ಯಾಡಿಷ್ ಯುರೋಪಿನ ಒಂದು ಬೇರು. ತುರಿದರೆ ಖಾರ ನೆತ್ತಿಗೆ ಹತ್ತುತ್ತದೆ. ನುಗ್ಗೆ ಬೇರಿನ ಘಾಟೂ ಹಾಗೇ ಇದೆ ಅಂತ ಇಂಗ್ಲಿಷರು ನಮ್ಮ ಮರಕ್ಕೆ ಆ ಹೆಸರಿಟ್ಟರು. ಆ ಬೇರಿಗೂ ಕುದುರೆಗೂ ಸಂಬಂಧ ಇಲ್ಲ. ಗಿಡದ ಹೆಸರಿನ ಮೊದಲಿಗೆ ‘ಹಾರ್ಸ್’ ಬಂದರೆ ಹೆಚ್ಚಾಗಿ ಒರಟು, ದಪ್ಪ ಅಂತ ಅರ್ಥ. ನಾವು ನಾಯಿತುಳಸಿ, ನಾಯಿಸಾಸಿವೆ ಅನ್ನುತ್ತೇವೆ, ಅಲ್ಲಿ ನಾಯಿ ಎಲ್ಲಿದೆ? ಅದೇ ತರಹ.

ಆದರೆ ಅದೇ ಕರಪತ್ರದ ‘ಹಾರ್ಸ್ ಗ್ರಾಂ’ ಹುರಳಿ. ಅದು ನಿಜಕ್ಕೂ ಕುದುರೆಗೆ ಹಾಕುವ ಕಾಳು. ಬಸ್ಸಾರು ಮಾಡಿ ಮುದ್ದೆ ಜೊತೆ ನಾವೂ ಹೊಡೆಯುತ್ತೇವೆ, ಹಾಗಾಗಿ ಅಲ್ಲಿ ಮಾತ್ರ ಬಚಾವಾದೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ‘ಹಾರ್ಸ್’ ಕಂಡರೆ ಮೊದಲು ಕೇಳಿಕೊಳ್ಳುವುದು, ಇಲ್ಲಿ ಪ್ರಾಣಿ ಇದೆಯಾ ಅಂತ. ಎಷ್ಟೋ ಸಲ ಇರುವುದಿಲ್ಲ.

ಪಂಪ್‌ಸೆಟ್ ಕೈಪಿಡಿಯ ‘ಹಾರ್ಸ್‌ಪವರ್’ನಲ್ಲಿ, ಅಂದರೆ ಎಚ್‌ಪಿಯಲ್ಲಿ, ಒಂದು ಕಾಲದಲ್ಲಿ ಕುದುರೆ ಇತ್ತು. ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ ಮಾರಬೇಕಿತ್ತು. ಕೊಳ್ಳುವವರು ಕುದುರೆ ಕಟ್ಟಿ ಕೆಲಸ ಮಾಡಿಸುತ್ತಿದ್ದವರು. ಇದು ಇಷ್ಟು ಕುದುರೆಗೆ ಸಮ ಅಂತ ಅವರಿಗೆ ಅರ್ಥವಾಗುವ ಲೆಕ್ಕ ಹೇಳಿದ. ಒಂದು ಕುದುರೆ ಅಂದರೆ ಸುಮಾರು 746 ವ್ಯಾಟ್. 5 ಎಚ್‌ಪಿ ಮೋಟಾರಿನ ತಗಡಿನ ಮೇಲೆ 3.7 ಕಿಲೋವ್ಯಾಟ್ ಅಂತ ಇರುತ್ತದಲ್ಲ, ಅದೇ ಲೆಕ್ಕ. ಕುದುರೆಯೂ ಅದನ್ನು ಅಳೆದವನ ಹೆಸರೂ ಒಂದೇ ತಗಡಿನ ಮೇಲೆ! ನಿಘಂಟು ‘ಅಶ್ವಶಕ್ತಿ’ ಅನ್ನುತ್ತದೆ. ಮಂಡ್ಯದ ಗದ್ದೆಯಲ್ಲಿ ಹಾಗಂದವರನ್ನು ನಾನು ಕಂಡಿಲ್ಲ. ‘ಐದೆಚ್‌ಪಿ ಮೋಟ್ರು’, ಅಷ್ಟೇ. ನಾನೂ ಎಚ್‌ಪಿ ಅಂತಲೇ ಬರೆಯುತ್ತೇನೆ.

ಹಾಗಂತ ಪ್ರತಿ ಸಲ ಕುದುರೆಯನ್ನು ಓಡಿಸಿಬಿಡಬೇಕು ಅಂತಲೂ ಇಲ್ಲ. ಶಾಸಕರನ್ನು ಕೊಳ್ಳುವುದಕ್ಕೆ ‘ಕುದುರೆ ವ್ಯಾಪಾರ’ ಅಂತ ಪತ್ರಿಕೆಗಳು ಬರೆದು ಬರೆದು ಅದು ನಮ್ಮದೇ ಮಾತಾಗಿದೆ. ‘ಕಪ್ಪು ಕುದುರೆ’ ಮಾತ್ರ ನನಗೆ ಸೇರುವುದಿಲ್ಲ. ಇಂಗ್ಲಿಷಿನ ‘ಡಾರ್ಕ್’ ಅಲ್ಲಿ ಬಣ್ಣ ಅಲ್ಲ, ರೇಸಿನಲ್ಲಿ ಯಾರಿಗೂ ಅಂದಾಜು ಸಿಗದ ಕುದುರೆ ಅಂತ. ‘ಯಾರ ಲೆಕ್ಕದಲ್ಲೂ ಇಲ್ಲದವನು’ ಅಂದರೆ ಮುಗಿಯಿತು. ದಾನವಾಗಿ ಬಂದ ಕುದುರೆಯ ಬಾಯಿ ನೋಡಬೇಡ ಅನ್ನುವ ಅವರ ಗಾದೆಗೆ ನಮ್ಮಲ್ಲಿ ದಾನದ ಎಮ್ಮೆ ಸಿದ್ಧವಾಗಿದೆ, ಅದರ ಹಲ್ಲು ಎಣಿಸಬಾರದು ಅಷ್ಟೇ.

ಹೋದ ತಿಂಗಳು ಮರಗೆಲಸದ ಕೈಪಿಡಿ ಬಂತು. ಅದರಲ್ಲಿ ‘ಸಾಹಾರ್ಸ್’. ಹಲಗೆ ಇಟ್ಟು ಕೊಯ್ಯುವ ನಾಲ್ಕು ಕಾಲಿನ ಅಡ್ಡಪಟ್ಟಿ. ನಿಘಂಟು ತೆಗೆಯಲಿಲ್ಲ. ನಮ್ಮ ಬೀದಿಯ ಬಡಗಿ ಹತ್ತಿರ ಹೋಗಿ, ಅವರು ಹಲಗೆ ಇಟ್ಟಿದ್ದ ಅಂಥದ್ದನ್ನೇ ತೋರಿಸಿ, ಇದಕ್ಕೆ ಏನಂತೀರಿ ಅಂದೆ. ಕೊಯ್ಯುವುದು ನಿಲ್ಲಿಸಿ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

‘ಸ್ಟ್ಯಾಂಡು ಸಾ. ಇನ್ನೇನು?’

ಸ್ಟ್ಯಾಂಡು ಅಂತಲೇ ಬರೆದೆ.